ಕೊನೆಯ ನಿಲ್ದಾಣದಿಂದ ಮೇಲೆ

ಇಪ್ಪತ್ತಾರು ವರ್ಷ ಹಳದಿ ಅಂಚೆ ಬಸ್ಸು ಓಡಿಸಿದೆ.
ಕೊನೆಯ ನಿಲ್ದಾಣದಲ್ಲಿ ಬಾಗಿಲು ತೆರೆದರೆ
ಅವರು ಇಳಿಯುತ್ತಿದ್ದರು, ಕೋಲು, ಹಗ್ಗ,
ಬೆನ್ನಿಗೆ ಮಗುವಿನಷ್ಟು ಭಾರದ ಚೀಲ;
ಲಾರ್ಚ್ ಮರಗಳ ಸಂದಿಯಲ್ಲಿ ಇಲ್ಲವಾಗುತ್ತಿದ್ದರು.
ನಾನು ಬಸ್ಸು ತಿರುಗಿಸುತ್ತಿದ್ದೆ.
ತಿರುಗಿಸುವುದು ನನ್ನ ಕೆಲಸ.
ಗಾಜಿನೊಳಗಿಂದ ಬೆಟ್ಟ ಯಾವತ್ತೂ ನುಣ್ಣಗೆ.

ನಾಲ್ಕು ದಿನದ ಮೇಲೆ ಕೆಳಗಿನ ಹಳ್ಳಿಯಲ್ಲಿ
ಮತ್ತೆ ನನ್ನ ಬಸ್ಸೇ ಹತ್ತುತ್ತಿದ್ದರು,
ಮೂಗಿನ ಸಿಪ್ಪೆ ಸುಲಿದು, ಬೆವರು ನಾರುತ್ತ,
ಏನೋ ಕದ್ದು ತಂದವರ ಮುಖ.
ಹೇಗಿತ್ತು ಎಂದರೆ
ಚೆನ್ನಾಗಿತ್ತು. ಅಷ್ಟೇ.

ನಿವೃತ್ತಿಯ ದಿನ ಕಚೇರಿಯವರು ಗಡಿಯಾರ ಕೊಟ್ಟರು.
ಸರಿಯಾಗಿಯೇ ಓಡುತ್ತದೆ, ದೂರಿಲ್ಲ.
ನಾನು ಬೂಟು ಕೊಂಡೆ.

ಮೊದಲ ದಿನ ಸಾವಿರದ ನಾನೂರು ಮೀಟರು ಏರು.
ಬಂಡೆಯಿಂದ ಬಂಡೆಗೆ ಯಾರೋ ಬಳಿದ
ಬಿಳಿ, ಕೆಂಪು, ಬಿಳಿ
ಕುರುಡಿಯ ಕೈ ಹಿಡಿದು ದಾಟಿಸುವಂತೆ.
ಮಾರ್ಮೊಟ್ ಸೀಟಿ ಹೊಡೆಯಿತು;
ಬಲಗಾಲು ತಾನಾಗಿ ಬ್ರೇಕು ಹುಡುಕಿತು.

ಹಿಮನದಿಯ ತುಟಿಯ ಮೇಲೆ ಕಲ್ಲಿನ ತಂಗುಮನೆ.
ಬೂಟು ಹೊರಗೆ. ಒಳಗೆ ಎಲ್ಲರಿಗೂ ಯಾರದೋ ಚಪ್ಪಲಿ,
ನನಗೆ ಸಿಕ್ಕಿದ್ದು ಎರಡೂ ಎಡಗಾಲಿನವು.
ಮನೆ ನೋಡಿಕೊಳ್ಳುವ ದುರಿ ದಪ್ಪ ಪುಸ್ತಕ ಚಾಚಿದ:
ಹೆಸರು. ಎಲ್ಲಿಂದ. ನಾಳೆ ಎಲ್ಲಿಗೆ.
"ಕೊನೆಯದನ್ನು ಬಿಡಿಸಿ ಬರಿ.
ನೀನು ಅಲ್ಲಿಗೆ ತಲುಪದಿದ್ದರೆ
ನಾವು ಹುಡುಕಿಕೊಂಡು ಹೋಗುವುದು ಆ ದಾರಿಯನ್ನೇ."
ಹೆಸರು ಓದಿ ತಲೆಯೆತ್ತಿದ. "ಬಾರ್ಲಾ?
ನನ್ನನ್ನು ಶಾಲೆಗೆ ಬಿಡುತ್ತಿದ್ದವಳು?
ಎರಡನೇ ತಿರುವಿನಲ್ಲಿ ವಾಂತಿ ಮಾಡಿಕೊಂಡಿದ್ದೆ."
ನೆನಪಿರಲಿಲ್ಲ. ಎರಡನೇ ತಿರುವಿನಲ್ಲಿ
ತುಂಬ ಮಕ್ಕಳು ವಾಂತಿ ಮಾಡಿಕೊಂಡಿದ್ದಾರೆ.
ಬಾರ್ಲಿ ಸಾರಿಗೆ ಅವನು ಹಣ ಮುಟ್ಟಲಿಲ್ಲ.
ಹಾಸಿಗೆಗೆ ಮುಟ್ಟಿದ.

ಒಂದೇ ಹಲಗೆಯ ಮೇಲೆ ಹದಿನಾಲ್ಕು ಜನ.
ಪಕ್ಕದವನ ಗೊರಕೆ ರಾತ್ರಿಯಿಡೀ
ಮೊದಲ ಗೇರಿನಲ್ಲೇ ಏರುತ್ತಿತ್ತು.

ಎರಡನೇ ದಿನ ಮೋಡ.
ನನ್ನ ಬೂಟು ಬಿಟ್ಟು ಬೇರೇನೂ ಕಾಣಲಿಲ್ಲ.

ಮೂರನೇ ದಿನ ಬಂಡೆಯ ಕತ್ತಿಗೆ ಕಬ್ಬಿಣದ ಏಣಿ,
ಅರವತ್ತಮೂರು ಮೆಟ್ಟಿಲು.
ನಲವತ್ತರಲ್ಲಿ ಮೊಣಕಾಲು ನನ್ನ ಮಾತು ಬಿಟ್ಟಿತು.
ಕೆಳಗೆ ನೋಡಬಾರದು ಎಂದವರಾರೂ
ಎಲ್ಲಿ ನೋಡಬೇಕೆಂದು ಹೇಳಿರಲಿಲ್ಲ.
ಎಷ್ಟು ಜನ ನನ್ನ ತಿರುವುಗಳಲ್ಲಿ
ಕಣ್ಣು ಮುಚ್ಚಿ, ಮುಂದಿನ ಸೀಟು ಅವುಚಿ ಕೂತಿದ್ದರು!
ಕನ್ನಡಿಯಲ್ಲಿ ನೋಡಿ ಮೀಸೆಯಿಲ್ಲದ ಮೀಸೆಯಡಿ ನಕ್ಕಿದ್ದೆ.
ಸರಪಳಿಗೆ ಹಣೆ ಒತ್ತಿ
ಒಬ್ಬೊಬ್ಬರ ಹತ್ತಿರವೂ ಕ್ಷಮೆ ಕೇಳಿದೆ.
ಆಮೇಲೆ ನಲವತ್ತೊಂದು.

ಮೇಲೆ ಗಾಳಿ. ಬಂದವರೆಲ್ಲ ಇಟ್ಟುಹೋದ ಕಲ್ಲಿನ ಗುಪ್ಪೆ.
ದಾರಿ ಸುತ್ತಿ ಬಳಸಿ ನನ್ನ ಕಣಿವೆಯ
ನೆತ್ತಿಯ ಮೇಲೇ ತಂದು ನಿಲ್ಲಿಸಿತ್ತು:
ಉಗುರಿನಷ್ಟು ಚರ್ಚು, ದಾರದಂಥ ರಸ್ತೆ,
ದಾರದ ಮೇಲೆ ಒಂದು ಹಳದಿ ಕಾಳು.
ಆಗ ಬಂತು.
ಮೂರು ಸ್ವರ.
ಕುರುಡು ತಿರುವಿಗೆ ಮುಂಚೆ ಹಾಕುವ ಹಾರ್ನು,
ಕೈಗೆಟಕುವಷ್ಟು ಹತ್ತಿರ.
ಗಡಿಯಾರ ನೋಡಿದೆ. ಕರ್ಡಿನ್ ನಾಲ್ಕು ನಿಮಿಷ ತಡ.

ದಿನಕ್ಕೆ ಹನ್ನೆರಡು ಸಲ, ಇಪ್ಪತ್ತಾರು ವರ್ಷ,
ಎದುರಿನ ಹಾಲಿನ ಲಾರಿಗೆಂದು ಒತ್ತಿದ್ದು
ಇಲ್ಲಿಯವರೆಗೆ ಬರುತ್ತಿತ್ತು.
ಇಲ್ಲಿ ಯಾರೋ ಬ್ರೆಡ್ಡು ಮುರಿಯುವುದನ್ನು ನಿಲ್ಲಿಸಿ
ಕಿವಿಗೊಡುತ್ತಿದ್ದರು.
ಒಬ್ಬರೂ ಹೇಳಲಿಲ್ಲ ನನಗೆ. ಚೆನ್ನಾಗಿತ್ತು ಅಂದರು.

ನಾಲ್ಕನೇ ದಿನ ಬರೀ ಇಳಿತ.
ಏರುವಾಗ ಬೈದ ದೇವರನ್ನು ವಾಪಸು ಕರೆದೆ.
ಹುಲ್ಲು ಒಣಹಾಕುತ್ತಿದ್ದ ಹೆಂಗಸು ಕುಂಟುವುದನ್ನು ಕಂಡು
ಕುಂಟೆಯ ಹಿಡಿಯಿಂದಲೇ ನೀರಿನ ತೊಟ್ಟಿ ತೋರಿಸಿದಳು.
ಬೂಟು ಸಮೇತ ಇಳಿಸಿದೆ ಕಾಲನ್ನು.

ಬಾಗಿಲು ತೆರೆದು ಕರ್ಡಿನ್ ಕೇಳಿದ, "ಹೇಗಿತ್ತು?"
"ನಿನ್ನೆ ನಾಲ್ಕು ನಿಮಿಷ ತಡ."
ಟಿಕೆಟು ಕೊಂಡು ಹಿಂದಿನ ಸೀಟಿನಲ್ಲಿ ಕೂತೆ,
ನನ್ನ ನಾತ ನನಗೇ ತಿಳಿಯುತ್ತಿತ್ತು.
ತಿರುವು ಬಂತು. ಅವನು ಸುಮ್ಮನೆ ಹೊರಳಿಸಲಿದ್ದ.
"ಹಾರ್ನು," ಎಂದು ಕೂಗಿದೆ.
"ಎದುರು ಯಾರೂ ಇಲ್ಲ, ಬಾರ್ಲಾ."
"ಇರಲಿ. ಒತ್ತು."